ಮುಚ್ಚಳಿಕೆ ಬರೆಸಿಕೊಂಡರೆ ಹೊಡೆತ ನಿಲ್ಲುತ್ತಾ?

ಗಂಡ ಹೊಡೆದ ಅಂತ ಠಾಣೆಗೆ ಹೋದರೆ ಎಷ್ಟೋ ಸಲ ಆಗೋದು ಇಷ್ಟೇ: ಅವನನ್ನು ಕರೆಸಿ ಬೈದು, 'ಇನ್ಮೇಲೆ ಹೀಗೆ ಮಾಡಲ್ಲ' ಅಂತ ಮುಚ್ಚಳಿಕೆ ಬರೆಸಿಕೊಂಡು, ಇಬ್ಬರನ್ನೂ ಮನೆಗೆ ಕಳಿಸ್ತಾರೆ. ನನ್ನ ಹಳೇ ಟೀಮಿನ ಸಹೋದ್ಯೋಗಿಯೊಬ್ಬರ ವಿಷಯದಲ್ಲಿ ಎರಡು ಸಲ ಹೀಗೇ ಆಯ್ತು. ಮೂರನೇ ಸಲ ಅವರು ಠಾಣೆಗೇ ಹೋಗಲಿಲ್ಲ. "ಮತ್ತೆ ಬಂದ್ರಾ ಮೇಡಂ ಅಂತಾರೆ" ಅಂದರು. ಡಿಗ್ರಿ, ಸಂಬಳ ಯಾವುದೂ ಅವರ ನೆರವಿಗೆ ಬರಲಿಲ್ಲ.

ಇದು ಒಬ್ಬಿಬ್ಬರ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವರ್ಷದ ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇ. 44ರಷ್ಟು ಮಂದಿ ಗಂಡನ ಹಿಂಸೆ ಅನುಭವಿಸಿದ್ದಾರೆ.

ಹಾಗಾದರೆ ಪೊಲೀಸರು ಏನು ಮಾಡಿದರೆ ಹೊಡೆತ ನಿಲ್ಲುತ್ತೆ? ಅಮೆರಿಕದ ಮಿನಿಯಾಪೊಲಿಸ್ ಪೊಲೀಸರು 1981–82ರಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಬಂಧಿಸೋದು, ಎಂಟು ಗಂಟೆ ಮನೆಯಿಂದ ಹೊರಗೆ ಕಳಿಸೋದು, ಬುದ್ಧಿ ಹೇಳೋದು: ಯಾವ ಕೇಸಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ನಿರ್ಧಾರ ಆಗ್ತಿತ್ತು. ಆರು ತಿಂಗಳ ಪೊಲೀಸ್ ದಾಖಲೆ ನೋಡಿದರೆ, ಬಂಧಿತರಲ್ಲಿ ಶೇ. 10, ಬುದ್ಧಿ ಹೇಳಿಸಿಕೊಂಡವರಲ್ಲಿ ಶೇ. 19, ಹೊರಗೆ ಕಳಿಸಿದವರಲ್ಲಿ ಶೇ. 24 ಮಂದಿ ಮತ್ತೆ ಹಿಂಸೆ ಮಾಡಿದ್ದರು. ಆದರೆ ಬೇರೆ ನಗರಗಳಲ್ಲಿ ಇದೇ ಫಲ ಸಿಗಲಿಲ್ಲ. ಮಿಲ್ವಾಕಿಯಲ್ಲಿ ಕೆಲಸವಿಲ್ಲದ ಗಂಡಸರನ್ನು ಬಂಧಿಸಿದ ಮೇಲೆ ಹಿಂಸೆ ಇನ್ನೂ ಹೆಚ್ಚಾಯ್ತು. ಅಂದರೆ, ಒಂದು ದಿನದ ಲಾಕಪ್ ಎಲ್ಲರಿಗೂ ಮದ್ದಲ್ಲ. ಆಮೇಲೂ ಅವನ ಮೇಲೆ ಹಿಡಿತ ಇರಬೇಕು.

ಆ ಹಿಡಿತ ನಮ್ಮ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿದೆ. ಮ್ಯಾಜಿಸ್ಟ್ರೇಟ್ ರಕ್ಷಣಾ ಆದೇಶ ಕೊಟ್ಟರೆ ಅದರ ಪ್ರತಿ ಠಾಣೆಗೂ ಹೋಗಬೇಕು. ಆದೇಶ ಮುರಿದರೆ ಅದೇ ಒಂದು ಅಪರಾಧ: ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಲ್ಲ. ಠಾಣೆಯಲ್ಲಿ ಬರೆದುಕೊಟ್ಟ ಮುಚ್ಚಳಿಕೆಗೆ ಈ ಬಲ ಎಲ್ಲಿದೆ? ನಮ್ಮ ಭಾಷೆಯಲ್ಲಿ ಹೇಳೋದಾದರೆ, ಮುಚ್ಚಳಿಕೆಯಲ್ಲಿ ಟಿಕೆಟ್ ಕ್ಲೋಸ್ ಆಗುತ್ತೆ, ಆದೇಶ ಇದ್ದರೆ ಓಪನ್ ಆಗೇ ಇರುತ್ತೆ.

ಈ ಆದೇಶ ಕೇಳುವ ಹಕ್ಕಿದೆ, ಉಚಿತ ಕಾನೂನು ನೆರವೂ ಇದೆ ಅಂತ ದೂರು ತಂದವರಿಗೆ ತಿಳಿಸೋದು ಪೊಲೀಸರ ಕರ್ತವ್ಯ ಅಂತ ಅದೇ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತೆ. ಅವರು ಹೇಳದಿದ್ದರೆ ನಾವು ಹೇಳೋಣ. ತುರ್ತಿಗೆ 112, ಸಲಹೆಗೆ 181. ಗೆಳತಿಯೋ ಅಕ್ಕನೋ "ಠಾಣೆಗೆ ಹೋಗಿದ್ದೆ, ರಾಜಿ ಆಯ್ತು" ಅಂದರೆ, "ಸದ್ಯ, ಮುಗೀತಲ್ಲ" ಅನ್ನಬೇಡಿ. "ರಕ್ಷಣಾ ಆದೇಶ ಕೇಳಿದ್ಯಾ?" ಅಂತ ಕೇಳಿ.