ನಾಲೆ ಬಂದ ಊರಲ್ಲೂ ಬಡತನ ಯಾಕೆ ಉಳಿಯಿತು?

ಮಂಗಳೂರಿನಿಂದ ಬೆಂಗಳೂರಿಗೆ ಹೋಗಿ ಬರುವ ನಮ್ಮ ಜನರಿಗೆ ಬೆಳ್ಳೂರು ಕ್ರಾಸ್ ಅಂದರೆ ಬಸ್ಸಿನ ಕಿಟಕಿಯಲ್ಲಿ ಕಂಡು ಮರೆಯಾಗುವ ಒಂದು ಹೆಸರು. ಅಲ್ಲಿ ಇಳಿದು ನಾಗಮಂಗಲ ದಾಟಿ ಹೋದರೆ ಹೊಣಕೆರೆ ಸಿಗುತ್ತದೆ. ಹೋಬಳಿ ಕೇಂದ್ರ. ರಾಗಿ, ಹುರುಳಿ, ತೆಂಗು ಬೆಳೆಯುವ ಸೀಮೆ. ಹೇಮಾವತಿ ನಾಲೆಯ ನೀರು ನಾಗಮಂಗಲ ತಾಲೂಕಿನ ಕೆಲವು ಕಡೆಗೆ ಬಂದಿದೆ ಅನ್ನುವುದು ಬಿಟ್ಟರೆ ಹೆಚ್ಚಿನವರು ಇಂದಿಗೂ ಮಳೆ, ಕೆರೆ, ಕೊಳವೆಬಾವಿಯನ್ನೇ ನಂಬಿದ್ದಾರೆ. ಆ ಕಡೆ ಪರಿಚಯದವರೊಬ್ಬರ ಅಂಗಡಿಯಲ್ಲಿ ಕೂತಿದ್ದಾಗ ಕೂಲಿ ಮುಗಿಸಿ ಬಂದ ಹಿರಿಯರೊಬ್ಬರು ಹೇಳಿದ್ದರು: "ಪಾಂಡವಪುರ, ಮಂಡ್ಯದ ಕಡೇರಂಗೆ ನಮ್ಗೂ ನಾಲೆ ನೀರು ಇದ್ದಿದ್ರೆ ಈ ಪಾಡು ಇರ್ತಿರ್ಲಿಲ್ಲ ಸಾಬ್ರೇ."

ಕೇಳಿದರೆ ಸರಿ ಅನಿಸುವ ಮಾತು. ನೀರಿಲ್ಲ, ಹಾಗಾಗಿ ಬೆಳೆಯಿಲ್ಲ, ಹಾಗಾಗಿ ಬಡತನ. ನಾವೂ ಹಾಗೇ ಹೇಳುತ್ತೇವಲ್ಲ, ಗಲ್ಫ್ ವೀಸಾ ಒಂದು ಸಿಕ್ಕಿದ್ದರೆ ಎಲ್ಲ ಸರಿಯಾಗುತ್ತಿತ್ತು ಅಂತ. ಆದರೆ ನೀರು ಬಂದ ಊರುಗಳಲ್ಲಿ ಏನಾಯಿತು ಅನ್ನುವುದಕ್ಕೆ ಅದೇ ಜಿಲ್ಲೆಯಲ್ಲಿ ಲೆಕ್ಕ ಇದೆ. ಅದನ್ನು ನಮ್ಮ ಮನೆಗಳಲ್ಲೂ ಒಮ್ಮೆ ಓದಬೇಕು.

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅದರ ನಾಲೆಗೆ ಮೊದಲು ಇರ್ವಿನ್ ನಾಲೆ ಎಂದು ಹೆಸರು, ಈಗ ವಿಶ್ವೇಶ್ವರಯ್ಯ ನಾಲೆ. 1930ರ ದಶಕದಲ್ಲಿ ನೀರು ಹರಿಯಿತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪೆನಿ ಹುಟ್ಟಿತು, ರಾಗಿ ಹೊಲದಲ್ಲಿ ಕಬ್ಬು ಎದ್ದಿತು. ಇಪ್ಪತ್ತು ವರ್ಷದ ನಂತರ, 1954ರಲ್ಲಿ, ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಹೆಣ್ಣುಮಗಳು ಅಲ್ಲಿಗೆ ಬಂದರು. ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. ಹಿಟ್ಲರನ ಕಾಲದಲ್ಲಿ ಊರು ಬಿಟ್ಟು ಇಂಗ್ಲೆಂಡ್ ಸೇರಿದವರು. ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಇದ್ದು ಮನೆಮನೆಯ ಆದಾಯ, ಸಾಲ, ಮದುವೆ ಖರ್ಚು ಎಲ್ಲ ಬರೆದುಕೊಂಡರು. ಹಳ್ಳಿಗಳ ನಿಜವಾದ ಹೆಸರು ಹೇಳದೆ ಒಂದಕ್ಕೆ ವಂಗಲ, ಇನ್ನೊಂದಕ್ಕೆ ದಲೇನ ಎಂದು ಕರೆದರು. ಪುಸ್ತಕ 1962ರಲ್ಲಿ ಹೊರಬಂತು.

ವಂಗಲಕ್ಕೆ ನಾಲೆ ನೀರು ಬಂದಿತ್ತು. ದಲೇನ ಎತ್ತರದಲ್ಲಿತ್ತು, ಅಲ್ಲಿಗೆ ನೀರು ಹತ್ತಲಿಲ್ಲ. ಹಳೆಯ ಕಟ್ಟುಪಾಡು ನೀರು ಬಂದ ಊರಲ್ಲಿ ಸಡಿಲವಾಗಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಆದದ್ದು ತಿರುಗಿ. ನೀರು ಸಿಗದ ದಲೇನದವರು ಬೇರೆ ಊರಲ್ಲಿ ಜಮೀನು ಹುಡುಕಿದರು, ಮಂಡ್ಯ ಪೇಟೆಯಲ್ಲಿ ಕೆಲಸಕ್ಕೆ ಸೇರಿದರು, ಸಣ್ಣಪುಟ್ಟ ವ್ಯಾಪಾರಕ್ಕೆ ಇಳಿದರು. ಅಲ್ಲಿ ಧಣಿ ಮತ್ತು ಆಳಿನ ವಂಶಪಾರಂಪರ್ಯದ ಗಂಟು ಬಿಚ್ಚಿಕೊಂಡಿತು. ಕಬ್ಬು, ಭತ್ತದಿಂದ ಹಸಿರಾದ ವಂಗಲದಲ್ಲಿ ಗಂಟು ಹಾಗೇ ಉಳಿಯಿತು.

ಆ ಗಂಟು ಏನು ಅಂತ ತಿಳಿಯದೆ ಮುಂದಿನದು ಅರ್ಥವಾಗದು. ಹಳೇ ಮೈಸೂರು ಕಡೆ ಜಮೀನಿರುವ ಒಂದೊಂದು ಮನೆತನಕ್ಕೆ ಒಂದೊಂದು ದಲಿತ ಕುಟುಂಬ ತಲೆತಲಾಂತರದಿಂದ ಸೇರಿಕೊಂಡಿರುತ್ತಿತ್ತು. ಆ ಆಳಿಗೆ 'ಹಳೆಮಗ' ಎಂದು ಹೆಸರು. ಮಗ ಅಂತ ಕರೆಯುವುದು, ಬಾಗಿಲ ಒಳಗೆ ಬಿಡದಿರುವುದು! ನಾಟಿ, ಕಟಾವಿಗೆ ಕರೆದಾಗ ಬರಬೇಕು. ಗೌಡರ ಮನೆಯಲ್ಲಿ ಮದುವೆಯಾಗಲಿ ಸಾವಾಗಲಿ, ಅವನಿಗೆ ಗೊತ್ತುಮಾಡಿದ ಕೆಲಸ ಇರುತ್ತಿತ್ತು. ಪ್ರತಿಯಾಗಿ ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಇಂತಿಷ್ಟು ರಾಗಿ, ಇಂತಿಷ್ಟು ಹುಲ್ಲು. ಅಜ್ಜನ ಕಾಲದಿಂದ ಅದೇ ಅಳತೆ.

ಈ ಅಳತೆ ಬರಗಾಲದಲ್ಲೂ ತಪ್ಪುತ್ತಿರಲಿಲ್ಲ ಅನ್ನುವುದನ್ನು ಎಪ್‌ಸ್ಟೈನ್ ಗುರುತಿಸಿದರು. ಬೆಳೆ ನೆಲಕಚ್ಚಿದ ವರ್ಷವೂ ಧಣಿ ತನ್ನ ಪಾಲು ಕಡಿಮೆ ಮಾಡಿಕೊಂಡು ಆಳಿಗೆ ಅಷ್ಟೇ ಕೊಡಬೇಕು. ಆದ್ದರಿಂದ ಆಳೂ ಆ ಪದ್ಧತಿಯನ್ನು ಬಿಡಲು ಒಪ್ಪುತ್ತಿರಲಿಲ್ಲ. ಕೂಲಿಗೆ ಹೋದರೆ ಇವತ್ತು ಇದೆ, ನಾಳೆ ಇಲ್ಲ. ಹಳೆಮಗನಾಗಿದ್ದರೆ ಮಕ್ಕಳು ಹಸಿವಿನಿಂದ ಸಾಯುವುದಿಲ್ಲ. ಹೊರಗಿನಿಂದ ನೋಡಿ 'ಇವರಿಗೆ ಬುದ್ಧಿ ಇಲ್ಲ' ಅನ್ನುವವರು ಈ ಲೆಕ್ಕ ಮಾಡುವುದಿಲ್ಲ. ಆದರೆ ನಾಲೆ ಬಂದು ಬೆಳೆ ಎರಡು ಪಟ್ಟಾದಾಗಲೂ, ಮೂರು ಪಟ್ಟಾದಾಗಲೂ ಅಳತೆ ಅದೇ! ಹೆಚ್ಚಿದ ಬೆಳೆಯೆಲ್ಲ ಜಮೀನು ಇದ್ದವನ ಕಣಜಕ್ಕೆ ಹೋಯಿತು. ಹಸಿವಿನಿಂದ ಕಾಪಾಡುವ ಪದ್ಧತಿಯೇ ಏಳಗೊಡದ ಪದ್ಧತಿಯೂ ಆಯಿತು. ಎಪ್‌ಸ್ಟೈನ್ 1970ರಲ್ಲಿ ಮತ್ತೆ ಬಂದು ನೋಡಿದಾಗ ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರ ಇನ್ನೂ ಅಗಲವಾಗಿತ್ತು.

ಇದು ಗಟ್ಟದ ಮೇಲಿನವರ ಕಥೆ, ನಮಗೇನು ಅಂತ ಪುಟ ಮಗುಚಬೇಡಿ. ನಮ್ಮಲ್ಲಿ ಜಾತಿ ಇಲ್ಲ ಅನ್ನುತ್ತೇವೆ. ಧಣಿ ಮತ್ತು ಒಕ್ಕಲು ಇರಲಿಲ್ಲವೇ? ದಕ್ಷಿಣ ಕನ್ನಡದ ಎಷ್ಟೋ ಬ್ಯಾರಿ ಕುಟುಂಬಗಳು ಚಾಲಗೇಣಿಯಲ್ಲಿ ದುಡಿದವು. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿ ಬಂದು ಉಳುವವನಿಗೇ ಭೂಮಿ ಎಂದಾದಾಗ ಡಿಕ್ಲರೇಶನ್ ಹಾಕಿದವರು ಜಾಗದ ಯಜಮಾನರಾದರು. ಹಾಕದೆ ಕೂತವರೂ ಇದ್ದರು. ಕೆಲವರಿಗೆ ಹೆದರಿಕೆ. ಕೆಲವರಿಗೆ 'ಅವರ ಅನ್ನ ತಿಂದಿದ್ದೇವೆ, ಧಣಿಯ ಮುಖ ಹೇಗೆ ನೋಡುವುದು' ಎಂಬ ದಾಕ್ಷಿಣ್ಯ. ಇನ್ನು ಕೆಲವರಿಗೆ ಬೇರೆಯವರ ಸೊತ್ತು ಹರಾಂ ಆಗುತ್ತದೋ ಎಂಬ ಸಂಶಯ. ಇದನ್ನೆಲ್ಲ ನಮ್ಮ ಹಿರಿಯರ ಬಾಯಲ್ಲೇ ಕೇಳಿದ್ದೇನೆ. ಅವರ ಪ್ರಾಮಾಣಿಕತೆಗೆ ಗೌರವ ಇದೆ. ಆದರೆ ತಲೆಮಾರುಗಟ್ಟಲೆ ಬೆವರು ಸುರಿಸಿದವನ ಹಕ್ಕಿನ ಬಗ್ಗೆ ಅಂದು ಅಷ್ಟೇ ಜೋರಾಗಿ ಯಾರಾದರೂ ಮಾತಾಡಿದ್ದರೆ ಅವರ ಮೊಮ್ಮಕ್ಕಳು ಇಂದು ಬಾಡಿಗೆ ಮನೆಯಲ್ಲಿ ಇರುತ್ತಿರಲಿಲ್ಲವೋ ಏನೋ.

ಜಾಗ ಸಿಕ್ಕಿದವರ ಮನೆಗೆ ಬನ್ನಿ. ಅಜ್ಜನಿಗೆ ಡಿಕ್ಲರೇಶನ್‌ನಲ್ಲಿ ಬಂದದ್ದು ಒಂದೆಕರೆ ಅಂತ ಇಟ್ಟುಕೊಳ್ಳಿ. ಮೊದಲ ಮಗಳ ಮದುವೆಗೆ ಹತ್ತು ಸೆಂಟ್ಸ್ ಹೋಯಿತು, ಎರಡನೆಯವಳಿಗೆ ಹದಿನೈದು. ಮೂರನೆಯವಳ ಹೊತ್ತಿಗೆ ಪವನಿನ ದರ ಏರಿತ್ತು, ತೋಟವೇ ಹೋಯಿತು. ಇಂಥ ಮನೆಗಳನ್ನು ನಿಮ್ಮ ನಿಮ್ಮ ಮಹಲ್ಲಾದಲ್ಲೇ ಬೆರಳು ಮಡಚಿ ಎಣಿಸಬಹುದು. ಉಮ್ಮ ವರ್ಷಾನುಗಟ್ಟಲೆ ಬೀಡಿ ಕಟ್ಟಿ ಉಳಿಸಿದ್ದೂ ಅದೇ ದಾರಿ ಹಿಡಿಯಿತು. ಭೂಸುಧಾರಣೆ ಕೊಟ್ಟದ್ದನ್ನು ವರದಕ್ಷಿಣೆ ಕಿತ್ತುಕೊಂಡಿತು. ಕಾನೂನಿನಲ್ಲಿ ವರದಕ್ಷಿಣೆ 1961ರಿಂದ ಅಪರಾಧ. ದೀನಿನಲ್ಲಿ ಮಹ್ರ್ ಕೊಡಬೇಕಾದವನು ಗಂಡು. ಎರಡೂ ಎಲ್ಲರಿಗೂ ಬಾಯಿಪಾಠ.

ಮತ್ತೆ ಯಾಕೆ ನಿಲ್ಲುವುದಿಲ್ಲ? ಇಲ್ಲಿ ನನಗೆ ಹಳೆಮಗನ ರಾಗಿ ನೆನಪಾಗುತ್ತದೆ. ಜುಮಾ ಮುಗಿದ ಮೇಲೆ ಮಸೀದಿಯ ಬಾಗಿಲಲ್ಲಿ ಟವೆಲ್ ಹಾಸಿ ಬಡ ಹೆಣ್ಣುಮಗಳ ಮದುವೆಗೆ ಹಣ ಎತ್ತುವುದನ್ನು ನೋಡಿದ್ದೀರಿ. ಕೊಡಬೇಡಿ ಎಂದು ನಾನು ಹೇಳುವುದಿಲ್ಲ. ಮದುವೆ ನಿಶ್ಚಯವಾದ ತಂದೆ ರಾತ್ರಿ ನಿದ್ದೆ ಮಾಡುವುದು ಆ ಟವೆಲಿನ ಭರವಸೆಯಿಂದ. ಆದರೆ ಆ ಹಣ ಹೋಗುವುದು ಎಲ್ಲಿಗೆ? ಹುಡುಗಿಯ ಕೈ ತಟ್ಟಿ ನೇರ ಚಿನ್ನದಂಗಡಿಗೆ, ಹಾಲ್‌ನ ಬಾಡಿಗೆಗೆ, ಅನೇಕ ಸಲ ಗಂಡಿನ ಕಡೆಯವರ ಕಿಸೆಗೆ. ಹೇಗಾದರೂ ಊರವರು ಸೇರಿಸಿ ಕೊಡುತ್ತಾರೆ ಅಂತ ಗೊತ್ತಿರುವುದರಿಂದ ಕೇಳುವವನು ದರ ಇಳಿಸಬೇಕಾಗಿಲ್ಲ, ಕೊಡುವವನು ಆಗುವುದಿಲ್ಲ ಎನ್ನಬೇಕಾಗಿಲ್ಲ. ಅದೇ ಮನೆಯ ಹುಡುಗಿಗೆ ಪಿಯುಸಿ ನಂತರ ನರ್ಸಿಂಗ್ ಫೀಸಿಗೆ ಯಾರಾದರೂ ಟವೆಲ್ ಹಾಸಿದ್ದು ಎಷ್ಟು ಕಡೆ?

ಇಷ್ಟೆಲ್ಲ ಹೇಳಿದರೆ 'ಎಲ್ಲ ತಕ್ದೀರ್ ಉಸ್ತಾದರೇ' ಅನ್ನುವ ಉತ್ತರ ಬರುತ್ತದೆ. ತಕ್ದೀರನ್ನು ನಂಬುವುದು ಈಮಾನಿನ ಭಾಗ, ಅದನ್ನು ಮಕ್ಕಳಿಗೆ ದಿನಾ ಕಲಿಸುತ್ತೇನೆ. ಆದರೆ ಇಷ್ಟು ಪವನ್ ಅಂತ ಬರೆದ ಚೀಟಿ ಆಕಾಶದಿಂದ ಇಳಿದದ್ದಲ್ಲ. ನಮ್ಮದೇ ಚಾವಡಿಯಲ್ಲಿ, ನಮ್ಮದೇ ಹಿರಿಯರು ಚಹಾ ಕುಡಿಯುತ್ತಾ ನಿಗದಿ ಮಾಡಿದ್ದು. ಒಬ್ಬ ತಂದೆ ಒಬ್ಬನೇ ಇದನ್ನು ಮುರಿಯಲಾರ ಅನ್ನುವುದೂ ಸತ್ಯ. ಅವನು ಕೊಡದಿದ್ದರೆ ಮಗಳು ಮನೆಯಲ್ಲಿ ಉಳಿಯುತ್ತಾಳೆ, ಊರಿನ ಬಾಯಿ ಅವಳ ಮೇಲೆ ಬೀಳುತ್ತದೆ. ಹಳೆಮಗ ಒಬ್ಬನೇ ಕಣಕ್ಕೆ ಹೋಗದಿದ್ದರೆ ಅವನ ಮಕ್ಕಳೇ ಉಪವಾಸ ಬೀಳುತ್ತಿದ್ದರು ತಾನೇ? ಎಲ್ಲರೂ ಸೇರಿ ಕಟ್ಟಿದ್ದನ್ನು ಎಲ್ಲರೂ ಸೇರಿಯೇ ಬಿಚ್ಚಬೇಕು. ಹಾಗೆ ಸೇರಲು ನಮಗೆ ಜಾಗ ಇದೆ, ಜಮಾಅತ್ ಇದೆ, ಕಮಿಟಿ ಇದೆ, ವಾರಕ್ಕೊಮ್ಮೆ ಇಡೀ ಊರು ಒಂದು ಸಫ್‌ನಲ್ಲಿ ನಿಲ್ಲುತ್ತದೆ.

ಮಸೀದಿಯ ನಿಕಾಹ್ ರಿಜಿಸ್ಟರ್ ಬಿಡಿಸಿ ನೋಡಿ. ವರನ ಹೆಸರು, ವಧುವಿನ ಹೆಸರು, ವಲಿ, ಸಾಕ್ಷಿಗಳು, ಮಹ್ರ್ ಎಷ್ಟು, ಎಲ್ಲದಕ್ಕೂ ಕಾಲಂ ಇದೆ. ಹೆಣ್ಣಿನ ಕಡೆಯಿಂದ ಹೋದದ್ದು ಎಷ್ಟು ಎಂಬುದಕ್ಕೆ ಕಾಲಂ ಇಲ್ಲ. ಅದೊಂದು ಕಾಲಂ ಸೇರಿಸಿ, ಎರಡೂ ಕಡೆಯವರು ಸಹಿ ಹಾಕಲಿ ಎಂದು ಕಮಿಟಿಯ ಹಿರಿಯರೊಬ್ಬರ ಹತ್ತಿರ ಹೇಳಿದೆ. ಅವರು ಒಳ್ಳೆಯ ಮನುಷ್ಯ, ಮದುವೆಯ ಸಹಾಯಕ್ಕೆ ಮೊದಲು ಕೈ ಹಾಕುವವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಅದನ್ನು ಬರೆಯಲು ಹೊರಟರೆ ನಮ್ಮ ಮಸೀದಿಗೆ ನಿಕಾಹ್‌ಗೆ ಯಾರು ಬರ್ತಾರೆ ಉಸ್ತಾದರೇ?"