ಕಿವಿ ಮಶೀನ್ ಟ್ರಂಕಿನಾಗ, ಯಜಮಾನ್ರು ಕಟ್ಟಿ ಮ್ಯಾಲ!

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಲ್ಲಿ ನಡೆಯುವಂಥ ಕಥೆ ಇದು. ಕಲಬುರಗಿಗೆ ಹೋಗಿ ಹಿರಿಯರ ಕಿವಿಗೆ ಮಶೀನ್ ತಂದದ್ದಾಯಿತು. ಮನೆಮಂದಿ ಸುತ್ತ ಕೂತು "ಈಗ ಕೇಳತದೇನು?" ಎಂದು ಒದರಿದ್ದೂ ಆಯಿತು. ಎಂಟನೇ ದಿನಕ್ಕೆ ಮಶೀನ್ ಟ್ರಂಕು ಸೇರಿತು. ಯಜಮಾನರು ಮೊದಲಿನಂತೆ ಕಟ್ಟೆ ಮೇಲೆ ಮೌನ. ಯಾಕೆಂದರೆ, "ತಲಿಯೊಳಗ ಬರೇ ಗದ್ದಲ. ಮಾತು ತಿಳಿಯಾಂಗಿಲ್ಲ."

ಇಲ್ಲಿ ಹೆಚ್ಚಾಗಿ ತಪ್ಪು ಮಶೀನಿನದಲ್ಲ, ಅವಸರದ್ದು. ಕನ್ನಡಕ ಹಾಕಿದ ಕೂಡಲೆ ಪೇಪರು ಓದಬಹುದು, ಕಿವಿಯ ಸಂಗತಿ ಹಾಗಲ್ಲ. ವರ್ಷಗಟ್ಟಲೆ ಮಂದ ಕೇಳಿದ ಮಿದುಳಿಗೆ ಫ್ಯಾನಿನ ಸದ್ದು, ಪಾತ್ರೆಯ ಸಪ್ಪಳದ ರೂಢಿ ತಪ್ಪಿರುತ್ತದೆ. ತನ್ನ ಧ್ವನಿಯೇ ತನಗೆ ಬೇರೆ ಕೇಳುತ್ತದೆ. ಎಲ್ಲಾ ಒಮ್ಮೆಲೇ ನುಗ್ಗಿದರೆ ಗಾಬರಿ ಸಹಜ. ಬೇಕಾದ ಸದ್ದನ್ನು ಆರಿಸಿಕೊಳ್ಳಲು ಮಿದುಳು ಮತ್ತೆ ಕಲಿಯಬೇಕು. ಅದಕ್ಕೆ ಕೆಲವು ವಾರ, ಕೆಲವರಿಗೆ ತಿಂಗಳುಗಳೇ ಬೇಕು.

ಮೊದಲು ಮನೆ, ಆಮೇಲೆ ಬಜಾರ

ಆರಂಭದಲ್ಲಿ ದಿನಕ್ಕೆ ಒಂದೆರಡು ತಾಸು, ಶಾಂತವಾದ ಕೋಣೆಯಲ್ಲಿ ಹಾಕಬೇಕು. ಒಬ್ಬರ ಜೊತೆ ಮಾತಾಡಬೇಕು. ಪೇಪರನ್ನು ಗಟ್ಟಿಯಾಗಿ ಓದಿದರೆ ಸ್ವಂತ ಧ್ವನಿಗೆ ಕಿವಿ ಹೊಂದುತ್ತದೆ. ದಿನದಿನಕ್ಕೆ ಹೊತ್ತು ಹೆಚ್ಚಿಸಿ, ನಾಲ್ಕು ಮಂದಿಯ ಮಾತು, ಆಮೇಲೆ ದುಕಾನು. ಬಸ್ ಸ್ಟ್ಯಾಂಡು, ಜಾತ್ರೆ, ಮದುವೆ ಬ್ಯಾಂಡು ಕಟ್ಟಕಡೆಗೆ.

ಮಶೀನ್ "ಕುಂಯ್" ಅಂದರೆ ಸಾಮಾನ್ಯವಾಗಿ ಅಚ್ಚು ಕಿವಿಗೆ ಸರಿ ಕೂತಿಲ್ಲ, ಇಲ್ಲವೆ ಕಿವಿಯಲ್ಲಿ ಗುಗ್ಗೆ ತುಂಬಿದೆ ಎಂದರ್ಥ. ಕಿವಿಯ ಹಿಂದೆ ಕೂಡುವ ಮಶೀನಿಗೆ ಗುಂಡಿಯಂಥ ಸೆಲ್ಲು ಬರುತ್ತದೆ. ಅದರ ಚೀಟಿ ಕಿತ್ತು, ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು. ಚೀಟಿ ಕಿತ್ತಿಟ್ಟ ಸೆಲ್ಲು ಬಳಸದಿದ್ದರೂ ಸಾಯುತ್ತದೆ. ಮಕ್ಕಳು ನುಂಗಿದರೆ ಪ್ರಾಣಕ್ಕೆ ಅಪಾಯ, ಕೈಗೆ ಸಿಗದಂತೆ ಇಡಬೇಕು. ನಮ್ಮ ಕಡೆಯ ಬ್ಯಾಸಿಗಿ ಬೆವರೂ ಮಶೀನಿಗೆ ವೈರಿ. ರಾತ್ರಿ ಬಿಚ್ಚಿ, ಒರೆಸಿ, ಒಣ ಡಬ್ಬಿಯಲ್ಲಿಡಬೇಕು.

ಅಡ್ಡಿ ಇರುವುದು ಎಲ್ಲಿ?

ಮಶೀನ್ ತರುವುದು ಒಂದು ಸಲ, ಹೊಂದಿಸಲು ಮತ್ತೆ ಎರಡು-ಮೂರು ಸಲ ಹೋಗಬೇಕು. ಜೇವರ್ಗಿ, ಆಳಂದಗಳಿಂದ ಕಲಬುರಗಿ ಸುಮಾರು 40 ಕಿಲೋಮೀಟರು. ಅಫಜಲಪುರ ಇನ್ನೂ ದೂರ. ಮಗನ ಒಂದು ದಿನದ ಕೂಲಿ, ಇಬ್ಬರ ಬಸ್ ಖರ್ಚು. "ಮತ್ಯಾಕ ಹೋಗೋದು" ಎನ್ನುವಲ್ಲಿಗೆ ಮಶೀನಿನ ಆಯುಷ್ಯ ಮುಗಿಯುತ್ತದೆ. ಶಿಬಿರದಲ್ಲಿ ಮಶೀನ್ ಹಂಚಿದರೆ ಸಾಲದು. ಹೊಂದಿಸುವವರೂ ಸೆಲ್ಲೂ ತಾಲೂಕಿಗೆ ಬರಬೇಕು.

ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆ 1981ರದ್ದು; ಅದಕ್ಕೆ ಕನಿಷ್ಠ 40 ಶೇಕಡಾ ನ್ಯೂನತೆಯ ಪ್ರಮಾಣಪತ್ರ ಬೇಕು. 60 ದಾಟಿದ ಬಡವರಿಗೆಂದು 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆ ಬಂತು; ಅದರಲ್ಲೂ ಕಿವಿ ಮಶೀನ್ ಸೇರಿದೆ. ತಾಲೂಕು ಕಚೇರಿಯಲ್ಲಿ ವಿಚಾರಿಸಬಹುದು.

ಅಗ್ಗಕ್ಕೆ ಸಿಗುವ "ಸೌಂಡ್ ಹೆಚ್ಚಿಸುವ" ಡಬ್ಬಿಗೆ ಮರುಳಾಗಬಾರದು. ಅದು ಗದ್ದಲವನ್ನೂ ಕೂಡಿಯೇ ಹೆಚ್ಚಿಸುತ್ತದೆ. ಮೊದಲು ಕಿವಿ ಡಾಕ್ಟರು, ಕಿವಿಯ ಪರೀಕ್ಷೆ, ಆಮೇಲೆ ಮಶೀನ್. ಒಮ್ಮಿಂದೊಮ್ಮೆಲೆ ಕಿವಿ ಕೇಳದಾದರೆ ಅವತ್ತೇ ಡಾಕ್ಟರರ ಬಳಿ ಹೋಗಬೇಕು.

ಒದರಬ್ಯಾಡ್ರಿ

ಮುಪ್ಪಿನ ಕಿವುಡಿನಲ್ಲಿ ಮೊದಲು ಜಾರುವುದು 'ಸ', 'ಶ'ದಂಥ ತೆಳು ಅಕ್ಷರಗಳ ಸದ್ದು. ಅದಕ್ಕೇ "ಕೇಳತದ, ತಿಳಿಯಾಂಗಿಲ್ಲ" ಅನ್ನುವುದು. ಒದರಿದರೆ ಅದು ಸರಿಯಾಗದು. ದುಕಾನದವರು ಮುಖ ನೋಡಿ ನಿಧಾನ ಹೇಳಲಿ, ಲೆಕ್ಕ ಚೀಟಿಯಲ್ಲಿ ಬರೆದು ಕೊಡಲಿ. ಬಸ್ಸಿನಲ್ಲಿ ಕಂಡಕ್ಟರು ಊರು ಬಂದಾಗ ಭುಜ ಮುಟ್ಟಿ ಹೇಳಲಿ. ಮನೆಯವರು ಮೂರು ತಿಂಗಳು ತಾಳ್ಮೆ ತಂದುಕೊಂಡರೆ ಟ್ರಂಕಿನ ಮಶೀನ್ ಮತ್ತೆ ಕಿವಿ ಏರೀತು, ಕಟ್ಟೆ ಮೇಲಿನ ಯಜಮಾನರೂ ಮಾತಿಗೆ ಬಂದಾರು.