ಕೀಟದ ಕುಡಿಮೀಸೆ: ಹೆಸರು ಮೀಸೆ, ಕೆಲಸ ಮೂಗಿನದು

ನಿಲ್ಕುಂದದ ಕಡೆ ತೋಟದಲ್ಲಿ ತುಡುವೆ ಪೆಟ್ಟಿಗೆ ಇಟ್ಟವರು ಅದರ ಬಾಗಿಲ ಬಳಿ ತುಸು ಹೊತ್ತು ಕುಳಿತು ನೋಡಬೇಕು. ಕಾವಲು ನೊಣಗಳು ಬಂದ ನೊಣವನ್ನು ತಲೆಯ ಮುಂದಿನ ಎರಡು ಎಳೆಗಳಿಂದ ಮುಟ್ಟಿ ಪರೀಕ್ಷಿಸುತ್ತವೆ. ಈ ಎಳೆಗಳನ್ನೇ ಪಠ್ಯಪುಸ್ತಕಗಳು 'ಕುಡಿಮೀಸೆ' ಎನ್ನುತ್ತವೆ. ಕುಡಿ ಎಂದರೆ ತುದಿ, ಚಿಗುರು. ವೀಳ್ಯದ ಬಳ್ಳಿಯ ಕುಡಿ ನಮಗೆ ಗೊತ್ತೇ ಇದೆ. ಹೆಸರು ಚೆಂದ, ಆದರೆ ಮೀಸೆ ಎಂದೊಡನೆ ಬರೀ ಅಲಂಕಾರವೆನಿಸುತ್ತದೆ.

'ಆಂಟೆನಾ' ಎಂಬುದೂ ನೋಟದಿಂದ ಬಂದ ಹೆಸರೇ. ಲ್ಯಾಟಿನ್ನಿನಲ್ಲಿ ಅದು ಹಡಗಿನ ಹಾಯಿ ಕಟ್ಟುವ ಅಡ್ಡಮರ. ಅರಿಸ್ಟಾಟಲನು ಕೀಟದ ಕೊಂಬಿಗೆ ಬಳಸಿದ ಗ್ರೀಕ್ ಮಾತಿಗೆ ಅಡ್ಡಮರವೆಂಬ ಅರ್ಥವೂ ಇತ್ತು. 15ನೆಯ ಶತಮಾನದಲ್ಲಿ ಥಿಯೊಡೋರ್ ಗಾಜಾ ಅದನ್ನು ಲ್ಯಾಟಿನ್ನಿಗೆ ತರುವಾಗ ಆ ಅರ್ಥವನ್ನೇ ಹಿಡಿದನು. ರೇಡಿಯೋದ ಆಂಟೆನಾ ಬಂದದ್ದು ಎಷ್ಟೋ ಕಾಲದ ಮೇಲೆ.

ಕೆಲಸಗಾರ ನೊಣದ ಕುಡಿಮೀಸೆಗೆ 12 ಗೆಣ್ಣು, ಗಂಡುನೊಣಕ್ಕೆ 13. ವಾಸನೆ ಹಿಡಿಯುವುದು, ಮುಟ್ಟಿ ತಿಳಿಯುವುದು ಅದರಿಂದಲೇ. ಎರಡನೆಯ ಗೆಣ್ಣು ಕಂಪನವನ್ನೂ ಗ್ರಹಿಸುತ್ತದೆ.

ಬಡವಾದ ಎರಡು ಕುಟುಂಬಗಳನ್ನು ಒಟ್ಟಿಗೆ ಸುರಿದರೆ ಕಚ್ಚಾಡಿ ಸಾಯುವುದು ಈ ವಾಸನೆಯ ಭೇದದಿಂದ. ಒಂದರ ರಾಣಿಯನ್ನು ತೆಗೆಯಿರಿ. ಸಂಜೆ ಇನ್ನೊಂದರ ಸಂಸಾರ ಕೋಣೆಯ ಮೇಲೆ ಒಂದು ಹಾಳೆ ವೃತ್ತಪತ್ರಿಕೆ ಹಾಸಿ (ಓದಿ ಮುಗಿದ ಮೇಲೆ ಈ ಪುಟವೂ ಆದೀತು), ಸೂಜಿಯಿಂದ ನಾಲ್ಕಾರು ತೂತು ಮಾಡಿ, ರಾಣಿಯಿಲ್ಲದ ಕುಟುಂಬದ ಕೋಣೆಯನ್ನು ಅದರ ಮೇಲಿಡಿ. ನೊಣಗಳು ಕಾಗದ ಕಡಿದು ತೆರವು ಮಾಡುವಷ್ಟರಲ್ಲಿ ಎರಡರ ವಾಸನೆಯೂ ಬೆರೆತಿರುತ್ತದೆ.